ಗುಟ್ಟಿನ ಮಾತ್ರೆ

ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯು ಹಿಗ್ಗಿ ಮೂತ್ರದ ಹಾದಿಯನ್ನು ಅದುಮುವುದುಂಟು. ರಾತ್ರಿ ನಾಲ್ಕೈದು ಸಲ ಏಳುವ ಹಿರಿಯರು ಸಂಕೋಚದಿಂದ ಮನೆಯವರಿಗೂ ತಿಳಿಸದೆ ಮಾತ್ರೆ ನುಂಗುವರು. ಫಿನಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುವುದು. ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಟ್ಯಾಮ್ಸುಲೋಸಿನ್ ಸ್ನಾಯುಗಳನ್ನು ಸಡಿಲಿಸಿ ಕೆಲವೇ ದಿನಗಳಲ್ಲಿ ಸುಖ ಕೊಡುವುದು.

ಕಣ್ಣಿನ ಪೊರೆ ತೆಗೆಸುವ ವಯಸ್ಸೂ ಅದೇ. ಟ್ಯಾಮ್ಸುಲೋಸಿನ್ ಸೇವಿಸುವವರಿಗೆ ಆ ಶಸ್ತ್ರಚಿಕಿತ್ಸೆ ನಡೆಯುವಾಗ ಪಾಪೆಯು ಕುಗ್ಗಿ, ಸುತ್ತಲಿನ ಪರದೆ ಜೋಲಾಡಬಹುದೆಂದು 2005ರಲ್ಲಿ ಅಮೆರಿಕದ ನೇತ್ರವೈದ್ಯರಾದ ಚಾಂಗ್ ಮತ್ತು ಕ್ಯಾಂಬೆಲ್ ತೋರಿಸಿಕೊಟ್ಟರು. ಮೊದಲೇ ತಿಳಿದಿದ್ದರೆ ವೈದ್ಯರು ತಕ್ಕ ಏರ್ಪಾಡು ಮಾಡಿಕೊಳ್ಳಬಲ್ಲರು. ಹೇಳಲು ನಾಚಿ, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಸಾಕೆಂದುಕೊಳ್ಳುವುದು ಸಲ್ಲದು. ವರುಷದ ಹಿಂದೆ ಬಿಟ್ಟವರಲ್ಲಿಯೂ ಈ ತೊಡಕು ಕಂಡುಬಂದಿದೆ.