ಮಂದ್ರದ ಪೆಟ್ಟಿಗೆ ಮತ್ತು ಕನ್ನಡದ ಮಾತು

ಸೊಲ್ಲಾಪುರ, ಅಕ್ಕಲಕೋಟಗಳ ಓಣಿಗಳಲ್ಲಿ ಸಬ್‌ವೂಫರ್ ಎಂಬುದು ಈಗ ಅಪರಿಚಿತ ಪದವಲ್ಲ. ಟಿವಿಯ ಮಗ್ಗುಲಲ್ಲಿ ಕುಳಿತ ಆ ಕಪ್ಪು ಪೆಟ್ಟಿಗೆಯನ್ನು ಅಂಗಡಿಯಿಂದ ತರುವವರು ಕೆಲವರು, ಹಲಗೆ ಕೊಯ್ಯಿಸಿ ತಾವೇ ಕಟ್ಟಿಕೊಳ್ಳುವವರು ಕೆಲವರು. ಕಟ್ಟುವವರ ಮನೆಮಾತು ಕನ್ನಡವಾಗಿದ್ದರೂ ಕೆಲಸದ ಮಾತು ಅರ್ಧ ಮರಾಠಿ, ಅರ್ಧ ಇಂಗ್ಲಿಷ್. ಈ ಪೆಟ್ಟಿಗೆಗೂ ಐಚ್ಛಿಕ ಕನ್ನಡಕ್ಕೂ ಏನು ಸಂಬಂಧವೆಂದು ವಿದ್ಯಾರ್ಥಿಗಳು ಕೇಳಬಹುದು. ಸೊನ್ನಲಿಗೆಯ ಸಿದ್ಧರಾಮ ವಚನಕಾರನಾಗಿದ್ದಂತೆ ಕೆರೆ ಕಟ್ಟಿಸಿದವನೂ ಹೌದು ಎಂಬುದನ್ನು ಪರೀಕ್ಷೆಯಲ್ಲಿ ಬರೆಯುವವರು, ಕಟ್ಟುವ ಕೆಲಸಕ್ಕೆ ಕನ್ನಡದ ಮಾತು ಬೇಡವೆಂದು ಹೇಳುವಂತಿಲ್ಲ.

ಮೊದಲು ಪೆಟ್ಟಿಗೆಯ ವಿಚಾರ. ಮನುಷ್ಯನ ಕಿವಿಗೆ ಕೇಳುವ ದನಿ ಸ್ಥೂಲವಾಗಿ 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗಿನದು. ಸಬ್‌ವೂಫರಿನ ಪಾಲಿಗೆ ಬರುವುದು ಅದರ ಅತ್ಯಂತ ಕೆಳಗಿನ ತುಣುಕು, ಸುಮಾರು 80 ಹರ್ಟ್ಸಿನ ಕೆಳಗಿನ ಗುಡುಗು. ಇಷ್ಟು ತಗ್ಗಿನ ದನಿಗೆ ಬಹಳ ಗಾಳಿಯನ್ನು ನೂಕಬೇಕು. 60 ಹರ್ಟ್ಸಿನ ದನಿಯನ್ನು ಅಷ್ಟೇ ಜೋರಿನಲ್ಲಿ 30 ಹರ್ಟ್ಸಿಗೆ ಇಳಿಸಬೇಕಾದರೆ ಸ್ಪೀಕರಿನ ಕೋನು ನಾಲ್ಕು ಪಟ್ಟು ದೂರ ಓಡಾಡಬೇಕು. ಆ ಶ್ರಮವನ್ನು ಹಂಚಿಕೊಳ್ಳುವುದೇ ಪೆಟ್ಟಿಗೆಯೊಳಗಿನ ಗಾಳಿ ಮತ್ತು ಅದಕ್ಕೆ ಕೂಡಿಸಿದ ಕೊಳವೆ.

ಇದರ ತತ್ತ್ವ ಈ ನೆಲಕ್ಕೆ ಹೊಸದಲ್ಲ. ಕೊಡಕ್ಕೆ ನೀರು ಬೀಳುವಾಗ ಸದ್ದು ಏರುತ್ತ ಹೋಗುವುದನ್ನು ಕೇಳಿಯೇ ಕೊಡ ತುಂಬಿತೆಂದು ತಿಳಿಯುವ ಹೆಂಗಸರಿಗೆ, ಗಾಳಿಯ ಜಾಗ ಕುಗ್ಗಿದರೆ ಸ್ವರ ಏರುತ್ತದೆಂಬುದು ಗೊತ್ತೇ ಇದೆ. ಮೀರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆ ವಾದ್ಯಗಳ ಬುರುಡೆಯಾಗುವ ಸೋರೆ ಬೆಳೆಯುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆಗಳ ಕಡೆಯ ಹೊಲಗಳಲ್ಲಿ. ಮಂಗಳವೇಢೆಯೆಂದರೆ ಬಸವಣ್ಣನ ಮಂಗಳವಾಡವೇ. ಪೊಳ್ಳಾದ ಬುರುಡೆ ದನಿಯನ್ನು ಹೇಗೆ ಹಿಗ್ಗಿಸುತ್ತದೆಂದು ಬಲ್ಲ ಪ್ರದೇಶದಲ್ಲಿ ‘ಎನ್‌ಕ್ಲೋಷರ್’ ಎಂಬ ಪದ ಕೇಳಿ ಬೆಚ್ಚಬೇಕಾದ ಕಾರಣವಿಲ್ಲ.

ಆದರೆ ಬುರುಡೆಯ ಅಂದಾಜು ಪೆಟ್ಟಿಗೆಗೆ ಸಾಲದು. ಇಲ್ಲಿ ಲೆಕ್ಕ ಬೇಕು. ಒಳಗಿನ ಅಳತೆ 40, 40 ಮತ್ತು 37.5 ಸೆಂಟಿಮೀಟರ್ ಇದ್ದರೆ 60 ಲೀಟರ್ ಗಾಳಿ ಹಿಡಿಯುತ್ತದೆ. ಒಳವ್ಯಾಸ 10 ಸೆಂಟಿಮೀಟರ್ ಇರುವ ಪಿವಿಸಿ ಕೊಳವೆಯನ್ನು ಸುಮಾರು 36 ಸೆಂಟಿಮೀಟರ್ ಉದ್ದಕ್ಕೆ ಕೊಯ್ದು ಕೂಡಿಸಿದರೆ ಆ ಗಾಳಿ 30 ಹರ್ಟ್ಸಿನ ಆಸುಪಾಸಿನಲ್ಲಿ ಮಿಡಿಯುತ್ತದೆ. ಕೊಳವೆ ಗಿಡ್ಡವಾದರೆ ಸ್ವರ ಏರುತ್ತದೆ. ಸ್ಪೀಕರಿನ ಹಿಂಭಾಗ, ಕೊಳವೆ, ಅಡ್ಡಪಟ್ಟಿಗಳು ತಿನ್ನುವ ಜಾಗವನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಲೀಟರು ಎಂಬುದನ್ನು ಅನೇಕರು ಮರೆಯುತ್ತಾರೆ. ಯಾವ ಸ್ಪೀಕರಿಗೆ ಎಷ್ಟು ಲೀಟರಿನ ಪೆಟ್ಟಿಗೆ ಸಲ್ಲುತ್ತದೆಂಬ ಲೆಕ್ಕವನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಮಂಡಿಸಿದರು. ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಆ ಲೆಕ್ಕವನ್ನು ಬಿಟ್ಟು ಕಣ್ಣಳತೆಯಲ್ಲಿ ಕಟ್ಟಿದ ಪೆಟ್ಟಿಗೆ ಯಾವ ಹಾಡಿಗೂ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತದೆ. ಅದನ್ನೇ ‘ಪವರ್’ ಎಂದು ಮೆಚ್ಚುವುದು ಅಭಿರುಚಿಯ ಬಡತನ.

ಪೆಟ್ಟಿಗೆ ಸರಿಯಾದರೂ ಕೋಣೆ ಸುಮ್ಮನಿರುವುದಿಲ್ಲ. 40 ಹರ್ಟ್ಸಿನ ಅಲೆಯ ಉದ್ದ ಎಂಟೂವರೆ ಮೀಟರು. ಹನ್ನೆರಡು ಅಡಿಯ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಸಿನ ದನಿ ಸಿಕ್ಕಿಕೊಂಡು, ಗೋಡೆಯ ಬಳಿ ಉಬ್ಬಿ ನಡುವೆ ಇಲ್ಲವಾಗುತ್ತದೆ. ಹನ್ನೆರಡಕ್ಕೆ ಹನ್ನೆರಡರ ಚೌಕ ಕೋಣೆಯಲ್ಲಿ ಎರಡೂ ದಿಕ್ಕಿನಲ್ಲಿ ಅದೇ ಸ್ವರ ಸೇರಿ ತೊಂದರೆ ಇಮ್ಮಡಿಯಾಗುತ್ತದೆ. ಗೋಡೆಗೆ ಸೊಲ್ಲಾಪುರದ ಚಾದರ ತೂಗುಹಾಕಿದರೆ ಗುಡುಗು ಅಡಗೀತೆಂಬ ನಂಬಿಕೆ ಚಾದರಕ್ಕೆ ಗೌರವ ತರಬಹುದು, ಭೌತಶಾಸ್ತ್ರಕ್ಕೆ ಅಲ್ಲ. ಚಾದರ ತಾರದ ಚುರುಕನ್ನು ಹೀರುತ್ತದೆ; ಮಂದ್ರ ಅದನ್ನು ಲೆಕ್ಕಿಸದೆ ದಾಟುತ್ತದೆ. ಪೆಟ್ಟಿಗೆಯನ್ನು ಒಂದೆರಡು ಅಡಿ ಸರಿಸಿ ಕೇಳುವುದೇ ಖರ್ಚಿಲ್ಲದ ಉಪಾಯ.

ದಾಟುವುದು ಚಾದರವನ್ನಷ್ಟೇ ಅಲ್ಲ. ಒಂದೇ ಗೋಡೆಗೆ ಎರಡು ಸಂಸಾರ ಆತುಕೊಂಡಿರುವ ಓಣಿಯಲ್ಲಿ ಮಾತನ್ನು ತಡೆಯುವ ಗೋಡೆ ಮಂದ್ರವನ್ನು ಅಷ್ಟಾಗಿ ತಡೆಯದು. ಆಚೆ ಮನೆಯ ಅಜ್ಜಿಗೆ ಸಿನಿಮಾದ ಒಂದು ಮಾತೂ ಕೇಳದೆ ಎದೆಯಲ್ಲಿ ಮಾತ್ರ ದಿಮ್ ದಿಮ್ ಎನ್ನುತ್ತಿರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಖಾಸಗಿ ಜಾಗದ ಸದ್ದು ತನ್ನ ಎಲ್ಲೆಯಲ್ಲಿ ಆ ಮಿತಿಯನ್ನು 5 ಡೆಸಿಬೆಲಿಗಿಂತ ಹೆಚ್ಚು ಮೀರಬಾರದು. ತೊಡಕಿರುವುದು ಅಳತೆಗೋಲಿನಲ್ಲಿ. ನಿಯಮ ಹೇಳುವುದು ‘ಎ’ ಮಾಪನದ ಡೆಸಿಬೆಲ್. ಅದು 50 ಹರ್ಟ್ಸಿನ ದನಿಯಿಂದ ಸುಮಾರು 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಅಜ್ಜಿಯ ಕೋಣೆಯಲ್ಲಿ ನಿಜಕ್ಕೂ 80 ಇರುವ ಗುಡುಗು ಮೀಟರಿನಲ್ಲಿ 50 ಎಂದು ನಿಲ್ಲುತ್ತದೆ. ಹಗಲಿನ ಮಟ್ಟಿಗೆ ಅದು ನಿರಪರಾಧಿ! ಮೆರವಣಿಗೆಯ ಡಿಜೆ ಪೆಟ್ಟಿಗೆಗಳ ಗುಡುಗಿಗೂ ಇದೇ ರಿಯಾಯಿತಿ ಸಿಗುತ್ತದೆ. ಮಂದ್ರವನ್ನು ಹೆಚ್ಚು ಕಳೆಯದ ‘ಸಿ’ ಮಾಪನವೂ ಇದೆ. ದೂರಿನ ಸಂದರ್ಭದಲ್ಲಿ ಎರಡನ್ನೂ ದಾಖಲಿಸುವಂತಾಗಬೇಕು.

ಭಾಷೆಯ ಪ್ರಶ್ನೆ ಬರುವುದು ಇಲ್ಲಿಯೇ. ‘ಬಹಳ ಸದ್ದು’ ಎಂದಷ್ಟೇ ಬರೆದ ದೂರು ಮೀಟರಿನ ಮುಂದೆ ಸೋಲುತ್ತದೆ. ‘ಕಿವಿಗೆ ಕಡಿಮೆ, ಎದೆಗೆ ಹೆಚ್ಚು’ ಎಂಬ ಅಜ್ಜಿಯ ಅನುಭವವನ್ನು ತಗ್ಗಿನ ಕಂಪನವೆಂದು ವಿವರಿಸಿ, ಯಾವ ಮಾಪನದಲ್ಲಿ ಅಳೆಯಬೇಕೆಂದು ಬರೆಯಬಲ್ಲ ಕನ್ನಡ ಬೇಕು. ಇದಕ್ಕೆ ಪಂಡಿತರು ‘ಅವಮಂದ್ರಧ್ವನಿಪ್ರಸಾರಕ’ದಂಥ ಪದ ಟಂಕಿಸುವ ಅಗತ್ಯವಿಲ್ಲ. ಸಬ್‌ವೂಫರ್ ಸಬ್‌ವೂಫರ್ ಆಗಿಯೇ ಇರಲಿ, ಹರ್ಟ್ಸ್ ಹರ್ಟ್ಸ್ ಆಗಿಯೇ ಇರಲಿ. ಹೆಸರು ಯಾವ ಭಾಷೆಯಿಂದ ಬಂದರೂ ನಡೆಯುತ್ತದೆ, ವಾಕ್ಯ ಕನ್ನಡದ್ದಾಗಿರಬೇಕು. ಮಂದ್ರ, ತಾರ, ಮಿಡಿತ, ಬುರುಡೆ, ಪೊಳ್ಳು, ಗುಂಯ್, ದಿಮ್ ಎಂಬ ಪದಗಳು ಕೈಯಲ್ಲಿರುವಾಗ ವಿವರಣೆ ಸೊರಗಬೇಕಿಲ್ಲ. ತಬಲಾ, ಮೃದಂಗಗಳ ನಡುವಿನ ಕರಿ ಲೇಪ ಅವುಗಳ ನಾದವನ್ನು ಹೇಗೆ ಹದಗೊಳಿಸುತ್ತದೆಂದು ಸಿ. ವಿ. ರಾಮನ್ 1920ರಲ್ಲೇ ಇಂಗ್ಲಿಷಿನಲ್ಲಿ ಬರೆದರು. ಗಡಿಯ ಕನ್ನಡ ವಿಭಾಗಗಳ ಪ್ರಬಂಧಗಳು ಮಾತ್ರ ಹಾಡಿನ ಸಾಹಿತ್ಯದಲ್ಲೇ ನಿಂತು, ವಾದ್ಯದ ಮೈಯನ್ನು ಮುಟ್ಟಲು ಅಂಜುತ್ತವೆ.

ವಿಭಾಗವೊಂದು ಒಂದು ಮಧ್ಯಾಹ್ನ ಪೆಟ್ಟಿಗೆ ಕಟ್ಟುವ ಬಡಗಿಯನ್ನೂ ಭೌತಶಾಸ್ತ್ರದ ಅಧ್ಯಾಪಕರನ್ನೂ ಒಟ್ಟಿಗೆ ಕೂರಿಸಿ, ಅವರಾಡುವ ಮಾತನ್ನು ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದುಕೊಳ್ಳುವಂತೆ ಮಾಡಬಹುದು. ಬಡಗಿ ‘ಭೋಕ’ ಎಂದರೆ ಭೋಕವೆಂದೇ ಬರೆದುಕೊಳ್ಳಲಿ. ಅದು ಮರಾಠಿಯಿಂದ ಬಂದದ್ದೆಂದು ಅಡಿಟಿಪ್ಪಣಿ ಹಾಕುವ ಕೆಲಸ ಆಮೇಲಿನದು.