ಬಿಸಿಲಿಗೆ ಅಳಿಯುವ ಅಕ್ಷರ

ಹರಪನಹಳ್ಳಿಗೆ ಸಮೀಪದ ಬಾಗಳಿಯಲ್ಲಿ ಕಲ್ಲೇಶ್ವರನ ಗುಡಿಯಿದೆ. ಅಲ್ಲಿಯ ಶಾಸನಗಳು ಚಾಲುಕ್ಯರ ಕಾಲದವು. ಸುಮಾರು ಸಾವಿರ ವರ್ಷದ ಬಿಸಿಲು ಮಳೆಗಳನ್ನು ಕಂಡ ಆ ಕನ್ನಡ ಅಕ್ಷರಗಳು ಇಂದಿಗೂ ಓದಲು ದೊರೆಯುತ್ತವೆ. ಅದೇ ಬಿಸಿಲಿಗೆ ಒಂದೇ ವಾರದಲ್ಲಿ ಅಳಿಸಿಹೋಗುವ ಬರಹವೂ ಉಂಟೆಂದರೆ ಓದುಗರು ಹುಬ್ಬೇರಿಸಿಯಾರು. ಹಳೆಯ ಗಣಕಯಂತ್ರಗಳ ಕಾರ್ಡುಗಳ ಮೇಲಿರುವ ‘ಇಪ್ರಾಮ್’ ಚಿಪ್ಪಿನ ಬರಹ ಅಂಥದು.

1971ರಲ್ಲಿ ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್ ಲೋಕಕ್ಕೆ ಕೊಟ್ಟ ಈ ಚಿಪ್ಪಿನ ನೆತ್ತಿಯ ಮೇಲೆ ಸ್ಫಟಿಕದ ಪುಟ್ಟ ಕಿಟಕಿಯಿದೆ. ಒಳಗಿನ ಅತಿಸೂಕ್ಷ್ಮ ಕೋಶಗಳಲ್ಲಿ ಸೆರೆಯಾಗಿ ಕುಳಿತ ವಿದ್ಯುತ್ತೇ ಅದರ ಬರಹ. ಕಿಟಕಿಯ ಮೂಲಕ ನೇರಿಳಾತೀತ ಕಿರಣ ಬಿದ್ದೊಡನೆ ಸೆರೆ ಸಡಿಲುತ್ತದೆ. ತಕ್ಕ ದೀಪದಡಿ ಇಪ್ಪತ್ತು ನಿಮಿಷ ಸಾಕು. ನೇರ ಬಿಸಿಲಿಗೆ ಸುಮಾರು ಒಂದು ವಾರ, ಕೋಣೆಯ ಟ್ಯೂಬ್‌ಲೈಟಿಗೆ ಸುಮಾರು ಮೂರು ವರ್ಷ. ಕಿಟಕಿಗೆ ಅಂಟಿಸಿದ ಚೀಟಿ ಅಲಂಕಾರಕ್ಕಲ್ಲ! ಚೀಟಿಯಿದ್ದರೂ ಕಾಲ ಬಿಡುವುದಿಲ್ಲ. ದಶಕಗಳು ಉರುಳಿದಂತೆ ವಿದ್ಯುತ್ತು ತಾನಾಗಿಯೇ ಸೋರುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಬೇಸಿಗೆಯನ್ನು ಬಲ್ಲವರಿಗೆ, ಅಲ್ಲಿ ತಗಡಿನ ಮಾಡಿನಡಿ ಮೂಲೆಗೆ ಬಿದ್ದ ಹಳೆಯ ಯಂತ್ರವೊಂದರ ಗತಿಯನ್ನು ಬೇರೆ ಹೇಳಬೇಕೆ?

ಇದರಿಂದ ಕನ್ನಡಿಗರಿಗೆ ನಷ್ಟವೇನು ಎಂದು ಕೇಳಬಹುದು. ಇಂದು ಅಂಗೈಯ ಫೋನಿಗೂ ಕನ್ನಡ ಬರುತ್ತದೆ; 1980ರ ದಶಕದ ಪಿ.ಸಿ.ಗೆ ಬರುತ್ತಿರಲಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡನ್ನು ಯಂತ್ರದೊಳಗಿನ ಸೀಳಿಗೆ ಸಿಕ್ಕಿಸಿದರೆ, ಇಂಗ್ಲಿಷನ್ನಷ್ಟೇ ಬಲ್ಲ ಯಂತ್ರ ಕನ್ನಡವನ್ನೂ ಬರೆಯತೊಡಗುತ್ತಿತ್ತು. ಅಂಥ ಕಾರ್ಡುಗಳು ಈಗ ಗುಜರಿಯ ಪಾಲು.

ಹಳೆಯ ಕಾರ್ಡೊಂದರ ಮೇಲೆ ಕಿಟಕಿಯ ಚಿಪ್ಪು ಕಂಡರೆ ಆತುರಪಡಬಾರದು. ಹುಳು ಹಿಡಿಯುವ ಮುನ್ನವೇ ಓಲೆಗರಿಯನ್ನು ಪ್ರತಿಮಾಡುತ್ತಿದ್ದ ಲಿಪಿಕಾರನ ವಿವೇಕ ಇಲ್ಲಿಯೂ ಬೇಕು: ಮೊದಲು ಓದು, ಆಮೇಲೆ ಬದಲಾವಣೆ. ಚಿಪ್ಪನ್ನು ನಿಧಾನವಾಗಿ ಕಿತ್ತು, ಓದುವ ಯಂತ್ರದಲ್ಲಿಟ್ಟು ಎರಡು ಮೂರು ಸಲ ಓದಿಸಿ, ಪ್ರತಿಗಳನ್ನು ತಾಳೆ ನೋಡಬೇಕು. ಓದಿಗೊಂದು ಪಾಠ ಬಂದರೆ ಸೋರಿಕೆ ಮೊದಲಾಗಿದೆಯೆಂದೇ ಶಂಕಿಸಬೇಕು. ಹೊಸ ಚಿಪ್ಪಿಗೆ ಬರೆಯುವಾಗ ವೋಲ್ಟೇಜಿನ ಕಡೆ ಎಚ್ಚರವಿರಲಿ. ಇಂಟೆಲ್‌ನ 2764ಕ್ಕೆ 21 ವೋಲ್ಟ್ ಬೇಕು. 2764ಎ ಎಂಬ ಅದರ ತಮ್ಮನಿಗೆ 12.5 ಸಾಕು. ಅಣ್ಣನ ಊಟವನ್ನು ತಮ್ಮನಿಗೆ ಬಡಿಸಿದರೆ ಅವನು ಉಳಿಯಲಾರ. ಕೂರಿಸುವಾಗ ಚಿಪ್ಪಿನ ತುದಿಯ ಕಚ್ಚು ಗೂಡಿನ ಕಚ್ಚಿಗೆ ಸರಿಯಾಗಿರಬೇಕು.

ತೆಗೆದ ಹಳೆಯ ಚಿಪ್ಪನ್ನು ಎಸೆಯಬೇಕಾಗಿಲ್ಲ. ಕಿಟಕಿ ಮುಚ್ಚಿ, ಯಾವ ಕಾರ್ಡಿನದೆಂದು ಬರೆದು, ತಂಪಾದ ಕತ್ತಲೆಯ ಡಬ್ಬಿಯಲ್ಲಿಡಬಹುದು. ಮುಂದೆ ಪ್ರತಿಯಲ್ಲಿ ದೋಷ ಕಂಡಾಗ ತಾಳೆ ನೋಡಲು ಮೂಲವೆಂದು ಉಳಿದಿರುವುದು ಅದೊಂದೇ.