‘ವಿರಳ’ವೆಂಬ ಶಬ್ದದ ಅಪಪ್ರಯೋಗ

ನಮ್ಮ ಸಂಘದ ಕಳೆದ ಸಭೆಯಲ್ಲಿ ಉತ್ಸಾಹಿ ತರುಣರೊಬ್ಬರು ‘ನಮ್ಮ ಸೀಮೆಯ ವಿರಳ ಪಕ್ಷಿಗಳು’ ಎಂಬ ಪಟ್ಟಿಯನ್ನು ಓದಿದರು. ಯಾವ ಪಕ್ಷಿಯನ್ನು ಯಾವ ತಿಂಗಳಲ್ಲಿ, ಯಾವ ಕೆರೆಯ ಯಾವ ದಂಡೆಯಲ್ಲಿ ನಿಂತು ಛಾಯಾಚಿತ್ರ ತೆಗೆಯಬಹುದೆಂಬುದು ಅದರಲ್ಲಿ ಸವಿಸ್ತಾರವಾಗಿದ್ದಿತು. ಅದು ಮುಗಿಯುತ್ತಲೇ ಹಿರಿಯ ಸಭಾಸದರೊಬ್ಬರು ಎದ್ದು, ‘ಇದಕ್ಕೂ ಸಾಹಿತ್ಯಕ್ಕೂ ಏನು ಸಂಬಂಧ?’ ಎಂದು ಕೇಳಿ ಕುಳಿತರು. ನನ್ನ ಮತದಲ್ಲಿ ಇಬ್ಬರೂ ತಪ್ಪಿರುವರು. ಅದನ್ನು ಸಕಾರಣವಾಗಿ ವಾಚಕರಿಗೆ ನಿವೇದಿಸುವದೇ ಈ ಲೇಖನದ ಉದ್ದೇಶ.

ಮೊದಲು ಹಿರಿಯರಿಗೆ ಉತ್ತರ. ಆದಿಕವಿಯ ಬಾಯಿಂದ ಶ್ಲೋಕವು ಹೊರಟಿದ್ದೇ ಬೇಡನ ಬಾಣಕ್ಕೆ ಬಿದ್ದ ಕ್ರೌಂಚದ ದೆಸೆಯಿಂದ. ಪಕ್ಷಿಗೂ ಸಾಹಿತ್ಯಕ್ಕೂ ಸಂಬಂಧವಿಲ್ಲವೆನ್ನುವವರು ವಾಲ್ಮೀಕಿಯೊಡನೆ ವಾದಿಸಬೇಕೇ ಹೊರತು ನನ್ನೊಡನೆ ಅಲ್ಲ. ಆದರೆ ಈ ಅಪರಾಧದಲ್ಲಿ ನಾನೂ ಪಾಲುಗಾರನು. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ, ಹಂಸವೆಂದರೆ ಹಾಲನ್ನೂ ನೀರನ್ನೂ ಬೇರ್ಪಡಿಸುವ, ಈಗ ಭೂಲೋಕದಲ್ಲಿ ಕಾಣದ ಪಕ್ಷಿಯೆಂದೇ ಹೇಳುತ್ತ ಬಂದೆನು. ನಿವೃತ್ತನಾದ ಮೇಲೆ ಒಂದು ಮಾಘಮಾಸದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದೆನು. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಬದಿಗೆ ಎರಡು ಕರಿಯ ಪಟ್ಟೆಗಳುಳ್ಳ ಹೆಬ್ಬಾತುಗಳು ನೀರ ತುಂಬ ಕುಳಿತಿದ್ದವು. ದಂಡೆಯ ಮೇಲಿದ್ದ ಒಕ್ಕಲಿಗನನ್ನು ಕೇಳಿದೆನು. ‘ದೀಪಾವಳಿ ಆದಮ್ಯಾಲೆ ಬರ್ತಾವ್ರೀ ಮಾಸ್ತರ, ಶಿವರಾತ್ರಿ ಮುಂದ ಹೋಗ್ತಾವ. ಹೊಲದಾಗ ಮೇಯ್ತಾವ ಖರೆ. ಏನ್ ಮಾಡೋದ್ರಿ, ದೂರದಿಂದ ಬಂದ ಬೀಗರು’ ಎಂದನು.

ಎಷ್ಟು ದೂರದಿಂದ? ಟಿಬೆಟ್, ಮಂಗೋಲಿಯಾಗಳ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಪಕ್ಷಿಗಳಿವು. ಕಾಳಿದಾಸನು ಮೇಘದೂತದಲ್ಲಿ ಹಂಸಗಳನ್ನು ಕೈಲಾಸದವರೆಗೆ ಮೇಘದ ಸಂಗಾತಿಗಳನ್ನಾಗಿ ಮಾಡಿ, ಕ್ರೌಂಚಪರ್ವತದ ಕಂಡಿಯನ್ನು ಅವುಗಳ ಬಾಗಿಲೆಂದಿರುವನು. ಅವನ ಹಂಸಗಳು ಮಳೆಗಾಲದ ಮೊದಲಿಗೆ ಹೊರಡುವವು. ಮಾಗಡಿಯವು ಶಿವರಾತ್ರಿಗೇ ಹೊರಡುವವು. ಅಷ್ಟು ಭೇದವುಂಟು. ಆದರೆ ದಿಕ್ಕೂ ಬೆಟ್ಟವೂ ಒಂದೇ. ಹಂಸಶಬ್ದವೂ ಹೆಬ್ಬಾತಿಗೆ ಲ್ಯಾಟಿನ್ ಭಾಷೆಯಲ್ಲಿರುವ ‘ಆನ್ಸರ್’ ಶಬ್ದವೂ ಒಂದೇ ಮೂಲದವೆಂಬುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ಕೆ. ಎನ್. ದವೆಯವರು ಸಂಸ್ಕೃತ ಸಾಹಿತ್ಯದ ಪಕ್ಷಿಗಳನ್ನು ಕುರಿತು 1985ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು; ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ‘ಹಕ್ಕಿ ಪುಕ್ಕ’ವನ್ನು ಬರೆದರು. ನಾವು ಪಂಡಿತರು ಮಾತ್ರ ಟೀಕೆಯಿಂದ ಟೀಕೆಗೆ ಹಾರಿದೆವು. ಕೆರೆಯ ದಂಡೆಗೆ ಇಳಿಯಲಿಲ್ಲ.

ಇನ್ನು ತರುಣರಿಗೆ. ‘ವಿರಳ’ವೆಂಬುದು ಪಕ್ಷಿಯ ಗುಣವೆಂಬಂತೆ ಅವರು ಬರೆದಿರುವರು. ಅದು ಗುಣವಲ್ಲ, ನಾವು ಮಾಡಿದ ಕೃತ್ಯ. ಅವರ ಪಟ್ಟಿಯ ಮೊದಲ ಹೆಸರು ಎರೆಭೂತ. ಈ ಹೆಸರನ್ನಿಟ್ಟವನು ಪಂಡಿತನಲ್ಲ, ಎರೆಯ ಹೊಲದ ಒಕ್ಕಲಿಗನು. ಜನರು ಕಾಣದ ಪಕ್ಷಿಗೆ ಆಡುಮಾತಿನಲ್ಲಿ ಹೆಸರು ಹುಟ್ಟುವದುಂಟೇ? ಹದಿನೈದು ಕಿಲೋಗ್ರಾಮಿನವರೆಗೆ ತೂಗುವ, ಸಾಮಾನ್ಯವಾಗಿ ಒಂದೇ ತತ್ತಿಯನ್ನು ಬರಿ ನೆಲದ ಮೇಲೆ ಇಡುವ ಈ ಪಕ್ಷಿಯು ಇಂದು ಕಾಡಿನಲ್ಲಿ ನೂರೈವತ್ತಕ್ಕಿಂತ ಹೆಚ್ಚು ಉಳಿದಿಲ್ಲ, ಬಹುಪಾಲು ರಾಜಸ್ಥಾನದಲ್ಲಿವೆ. ನಮ್ಮ ನಾಡಿನಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಗೆ ಕೈಬೆರಳೆಣಿಕೆಯಷ್ಟು ಮಾತ್ರ. ಸಾಲಿಂ ಅಲಿಯವರು ಇದನ್ನೇ ರಾಷ್ಟ್ರಪಕ್ಷಿಯನ್ನಾಗಿ ಮಾಡಬೇಕೆಂದಿದ್ದರು. 1963ರಲ್ಲಿ ಆ ಮಾನವು ನವಿಲಿಗೆ ಸಂದಿತು.

1974ರಲ್ಲಿ ಕೃಷ್ಣಮೃಗಗಳಿಗಾಗಿ ಘೋಷಿತವಾದ ರಾಣೇಬೆನ್ನೂರಿನ ಅಭಯಾರಣ್ಯದಲ್ಲಿ ಎರೆಭೂತವೂ ಇದ್ದಿತು. ಆ ನೆಲ ಆಗ ನಮ್ಮ ಧಾರವಾಡ ಜಿಲ್ಲೆಯದೇ, 1997ರಿಂದ ಹಾವೇರಿಯದು. ಹುಲ್ಲುಗಾವಲಿಗೆ ‘ಬೀಳುನೆಲ’ವೆಂದು ಹೆಸರಿಟ್ಟು ನೀಲಗಿರಿ ಗಿಡಗಳನ್ನು ನೆಟ್ಟರು. ಹಸುರಾಯಿತೆಂದು ಹಿಗ್ಗಿದರು. ಬಯಲಲ್ಲಿ ಬಾಳುವ ಪಕ್ಷಿಗೆ ತೋಪು ಮನೆಯಾದೀತೇ? ಪಕ್ಷಿಯು ಹೋಯಿತು, ಶಬ್ದವು ಉಳಿಯಿತು. ಒಂದು ತಪ್ಪು ಶಬ್ದವು ಒಂದು ಜೀವಕುಲವನ್ನು ಹೊರದೂಡಬಲ್ಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ? ಇದು ಸಾಹಿತ್ಯಸಂಘದ ವಿಷಯವಲ್ಲದೆ ಮತ್ತೇನು?

‘ಪಟ್ಟಿಯಿಲ್ಲದೆ ರಕ್ಷಣೆ ಹೇಗೆ?’ ಎಂದು ತರುಣರು ಕೇಳಬಹುದು. ಪಟ್ಟಿಯಿರಲಿ. ಆದರೆ ಗೂಡಿನ ಠಿಕಾಣವನ್ನು ಅಚ್ಚು ಹಾಕಬಾರದು. ಬೇಡನು ಬಿಲ್ಲು ಹಿಡಿದು ಬಂದರೂ ನೀವು ಕ್ಯಾಮರಾ ಹಿಡಿದು ಬಂದರೂ ಕಾವು ಬಿಟ್ಟು ಏಳುವ ತಾಯಿಗೆ ಭೇದ ತಿಳಿಯದು. ತಣ್ಣಗಾದ ತತ್ತಿಗೆ ಎರಡನೆಯ ಜನ್ಮವಿಲ್ಲ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಒಪ್ಪಂದದ ಮನ್ನಣೆ ದೊರೆಯಿತು, ಸಂತೋಷ. ಆದರೆ ಅದಕ್ಕೂ ಮೊದಲು ಮೇವು ಕೊಟ್ಟವನು ಆ ಒಕ್ಕಲಿಗನು. ಅವನು ವಿರಳವೆನ್ನಲಿಲ್ಲ, ಬೀಗರೆಂದನು.

ಆದುದರಿಂದ ನನ್ನ ಸೂಚನೆ ಇಷ್ಟೇ. ಪಟ್ಟಿಯನ್ನು ತಿರುಗಿ ಬರೆಯಿರಿ: ಪ್ರತಿಯೊಂದು ಹೆಸರಿನ ಮುಂದೆ ಅದು ಎಲ್ಲಿ ಸಿಗುವದೆಂಬುದರ ಬದಲು, ಯಾಕೆ ಕಡಿಮೆಯಾಯಿತೆಂಬುದನ್ನು ಬರೆಯಿರಿ. ಊರ ಹಿರಿಯರಿಂದ ಹಕ್ಕಿಗಳ ಆಡುಹೆಸರುಗಳನ್ನು ಅವರಿರುವಾಗಲೇ ಕೂಡಿಸಿರಿ. ನಮ್ಮ ಬೈರಿದೇವರಕೊಪ್ಪದಿಂದ ಉಣಕಲ್ಲ ಕೆರೆ ಕೂಗಳತೆಯಲ್ಲಿದೆ. ಬರುವ ಕಾರ್ತಿಕದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಇಂದು ಸಾಮಾನ್ಯವಾಗಿರುವ ಕೊಕ್ಕರೆ, ಮಿಂಚುಳ್ಳಿ, ನೀರುಕಾಗೆಗಳನ್ನು ಮೊದಲು ತೋರಿಸುವೆನು. ಯಾಕಂದರೆ ನಾಳಿನ ಪಟ್ಟಿಯಲ್ಲಿ ವಿರಳವೆನಿಸುವವು ಇವೇ. ಮೂವತ್ತು ವರ್ಷದ ತಪ್ಪುಪಾಠಕ್ಕೆ ಅಷ್ಟಾದರೂ ಪ್ರಾಯಶ್ಚಿತ್ತವಾಗಲಿ. ಬರಲಿಚ್ಛಿಸುವ ಸದಸ್ಯರು ಬರಬೇಕು. ಪ್ರಶ್ನೆ ಕೇಳಿದ ಹಿರಿಯರು ಅವಶ್ಯವಾಗಿ ಬರಬೇಕು.